ಹತ್ತಕ್ಕೆ ಹನ್ನೆರಡರ ಕೋಣೆಯಲ್ಲಿ ವಿಡಿಯೊ ಸ್ಟುಡಿಯೊ

ಯುಟ್ಯೂಬ್ ಚಾನೆಲ್ ಶುರು ಮಾಡಬೇಕೆಂದು ಹೊರಟವರು ಮೊದಲು ಕೊಳ್ಳುವುದು ಕ್ಯಾಮೆರಾ, ಆಮೇಲೆ ದೀಪ, ಎಲ್ಲ ಮುಗಿದ ಮೇಲೆ ಉಳಿದ ಪುಡಿಗಾಸಿನಲ್ಲಿ ಮೈಕು. ಕೋಣೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಈ ಸಾಲನ್ನು ತಲೆಕೆಳಗು ಮಾಡಿದರೆ ದುಡ್ಡೂ ಉಳಿಯುತ್ತದೆ, ಕೆಲಸವೂ ಚೆನ್ನಾಗುತ್ತದೆ: ಮೊದಲು ಕೋಣೆ, ಆಮೇಲೆ ಮೈಕು, ಅದಾದ ಮೇಲೆ ದೀಪ, ಕೊನೆಗೆ ಬೇಕೆನಿಸಿದರೆ ಕ್ಯಾಮೆರಾ. ಚಿತ್ರ ಒಂಚೂರು ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ. ಮಾತು ಬಾವಿಯೊಳಗಿಂದ ಬಂದಂತೆ ಕೇಳಿದರೆ ಮಾತ್ರ ಬೆರಳು ಮುಂದಿನ ವಿಡಿಯೊಗೆ ಜಾರುತ್ತದೆ.

ಇಲ್ಲಿನ ಲೆಕ್ಕವೆಲ್ಲ ಒಬ್ಬರು ಕುಳಿತು ಮಾತಾಡುವ ಚಾನೆಲ್ಲಿನದು. ಪಾಠವೋ, ಕೃಷಿ ಮಾಹಿತಿಯೋ, ಮೊಬೈಲ್ ವಿಮರ್ಶೆಯೋ, ಯಾವುದಾದರೂ ಸರಿ. ಕೋಣೆ ನಮ್ಮ ಕಡೆ ಸಾಮಾನ್ಯವಾಗಿ ಕಟ್ಟುವಂಥದ್ದು: 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ, ಆರ್‌ಸಿಸಿ ಮಾಡು, ನೆಲಕ್ಕೆ ಟೈಲ್ಸ್.

ಕೋಣೆಯ ಗದ್ದಲ ಇಳಿಸುವುದು

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ‘ಟಪ್’ ಎಂದು ಅಲ್ಲಿಗೇ ನಿಂತರೆ ಪುಣ್ಯ. ‘ಟರ್‌ರ್‌ರ್’ ಎಂದು ಬಾಲ ಎಳೆದರೆ ಎದುರುಬದುರು ಬೋಳು ಗೋಡೆಗಳ ನಡುವೆ ಸದ್ದು ಚೆಂಡಾಡುತ್ತಿದೆ ಎಂದರ್ಥ. ಟೈಲ್ಸ್, ಗಾರೆ, ಗಾಜು ಮೂರೂ ಸದ್ದನ್ನು ಹೀರುವುದಿಲ್ಲ, ವಾಪಸ್ ಎಸೆಯುತ್ತವೆ.

ಇದಕ್ಕೆ ಮದ್ದು ಮನೆಯಲ್ಲೇ ಇದೆ. ನೆಲಕ್ಕೆ ದಪ್ಪ ಜಮಖಾನ ಹಾಸಿ, ಕುರ್ಚಿಗೂ ಕ್ಯಾಮೆರಾಗೂ ನಡುವಿನ ಜಾಗವಾದರೂ ಮುಚ್ಚಬೇಕು. ಮಾತಾಡುವವರ ಎದುರಿನ ಗೋಡೆಗೆ, ಅಂದರೆ ಕ್ಯಾಮೆರಾದ ಹಿಂದೆ, ಒಂದು ಕೌದಿಯನ್ನೋ ದಪ್ಪ ರಜಾಯಿಯನ್ನೋ ಇಳಿಬಿಡಿ. ಬಾಯಿಂದ ಹೊರಟ ಸದ್ದು ಮೊದಲು ಬಡಿಯುವುದು ಅಲ್ಲಿಗೆ. ಅದನ್ನು ಗೋಡೆಗೆ ಅಂಟಿಸಿದಂತೆ ಹಾಕಬೇಡಿ. ಉದ್ದ ಬ್ರಾಕೆಟ್ಟಿನ ಪರದೆ ಸರಳು ಕೊಂಡು, ಬಟ್ಟೆಗೂ ಗೋಡೆಗೂ ನಡುವೆ ನಾಲ್ಕು ಇಂಚು ಬಿಡಿ. ಗೋಡೆಗೆ ತಾಗಿದ ಗಾಳಿ ಅಲುಗಾಡಲಾರದು, ತುಸು ದೂರದಲ್ಲಿರುವ ಗಾಳಿ ಅಲುಗುತ್ತದೆ. ಬಟ್ಟೆ ಸದ್ದನ್ನು ತಿನ್ನುವುದು ಗಾಳಿ ಅಲುಗುವ ಕಡೆ ಮಾತ್ರ. ಅದೇ ಕೌದಿ, ಅದೇ ಖರ್ಚು, ನಾಲ್ಕು ಇಂಚಿಗೇ ಕಿವಿಗೆ ಗೊತ್ತಾಗುವಷ್ಟು ವ್ಯತ್ಯಾಸ. ಪಕ್ಕದ ಎರಡು ಗೋಡೆಗಳಲ್ಲಿ ಯಾವುದಾದರೂ ಒಂದಕ್ಕೆ ಮತ್ತೊಂದು ದಪ್ಪ ಬಟ್ಟೆ ಬಿದ್ದರೆ ಚಪ್ಪಾಳೆಯ ಬಾಲ ಬಹುಪಾಲು ಮಾಯ. ಬಟ್ಟೆಬರೆ ತುಂಬಿದ ಬೀರುವಿನ ಬಾಗಿಲು ತೆರೆದಿಡುವುದೂ ಒಂದು ಉಪಾಯವೇ.

ಮೊಟ್ಟೆ ಇಡುವ ರಟ್ಟಿನ ತಟ್ಟೆ ಅಂಟಿಸಿದರೆ ಸ್ಟುಡಿಯೊ ಆಗುತ್ತದೆಂಬ ನಂಬಿಕೆ ಇನ್ನೂ ಸತ್ತಿಲ್ಲ. ಅದರಿಂದ ಆಗುವ ಉಪಕಾರ ಅತ್ಯಲ್ಪ, ಧೂಳು ಮತ್ತು ಜಿರಲೆ ಧಾರಾಳ. ಒಂದಿಂಚಿನ ಕಪ್ಪು ಫೋಮ್ ಚೌಕಗಳು ತಾರಕ ಸದ್ದನ್ನಷ್ಟೇ ನುಂಗುತ್ತವೆ. ಕೋಣೆ ತುಂಬ ಅದನ್ನೇ ಹಚ್ಚಿದರೆ ದನಿಯ ಹೊಳಪು ಹೋಗಿ ಗುಮ್ಮೆನ್ನುವ ಭಾಗ ಮಾತ್ರ ಉಳಿಯುತ್ತದೆ.

ಆ ಗುಮ್ಮು ಎಲ್ಲಿಂದ ಬರುತ್ತದೆ ಎಂಬುದಕ್ಕೂ ಲೆಕ್ಕವಿದೆ. 10 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 57 ಹರ್ಟ್ಸ್, ಅದರ ದುಪ್ಪಟ್ಟು 114 ಹರ್ಟ್ಸ್ ಸದ್ದು ತಾನೇ ತಾನಾಗಿ ಉಬ್ಬುತ್ತದೆ. ಗಂಡಸರ ಮಾತಿನ ಮೂಲ ಸ್ವರ ಹೆಚ್ಚಾಗಿ 90ರಿಂದ 150 ಹರ್ಟ್ಸ್ ನಡುವೆ ಇರುವುದರಿಂದ 114 ನೇರವಾಗಿ ಅದರ ಮೇಲೆ ಕೂರುತ್ತದೆ. ಕೋಣೆಯ ಅಗಲವೂ ಎತ್ತರವೂ ಎರಡೂ ಹತ್ತೇ ಆದರೆ ಉಬ್ಬು ಇಮ್ಮಡಿ. ಆದ್ದರಿಂದ ಆಯ್ಕೆ ಇದ್ದರೆ ಚೌಕ ಕೋಣೆ ಬಿಟ್ಟು ಉದ್ದ ಕೋಣೆ ಹಿಡಿಯಿರಿ. ಇಲ್ಲವಾದರೆ ಮನೆಯ ಹಳೇ ಹತ್ತಿ ಹಾಸಿಗೆಯನ್ನು ಸುತ್ತಿ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ. ಗುಮ್ಮುವ ಸದ್ದು ಸೇರುವುದು ಮೂಲೆಗಳಲ್ಲೇ. ಕುರ್ಚಿಯನ್ನು ಅರ್ಧರ್ಧ ಅಡಿ ಸರಿಸಿ ಮಾತಾಡಿ ಕೇಳಿದರೆ ಒಂದು ಜಾಗದಲ್ಲಿ ದನಿ ತಿಳಿಯಾಗುವುದು ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಪಕ್ಕದ ಮನೆಯ ಮಿಕ್ಸಿ ನಿಲ್ಲದು. ಒಳಗಿನ ಮಾರ್ದನಿ ಇಳಿಸುವುದೇ ಬೇರೆ, ಹೊರಗಿನ ಸದ್ದು ತಡೆಯುವುದೇ ಬೇರೆ. ಎರಡನೆಯದಕ್ಕೆ ತೂಕ ಬೇಕು, ಸಂದು ಮುಚ್ಚಬೇಕು. ಗಾಳಿ ನುಗ್ಗುವಲ್ಲೆಲ್ಲ ಸದ್ದೂ ನುಗ್ಗುತ್ತದೆ. ಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಯ ಚೌಕಟ್ಟಿಗೆ ಅಂಟುವ ಫೋಮ್ ಪಟ್ಟಿ, ವೆಂಟಿಲೇಟರ್‌ಗೆ ದಪ್ಪ ಪ್ಲೈವುಡ್ಡಿನ ಮುಚ್ಚಳ, ಇವಿಷ್ಟೇ ಬಾಡಿಗೆ ಮನೆಯಲ್ಲಿ ಸಾಧ್ಯ. ಉಳಿದದ್ದನ್ನು ಗಡಿಯಾರ ನೋಡಿ ಗೆಲ್ಲಬೇಕು. ಬೆಳಿಗ್ಗೆ ಕುಕ್ಕರ್ ಕೂಗು, ನೀರಿನ ಮೋಟರ್, ತರಕಾರಿ ಗಾಡಿ. ಸಂಜೆ ಮಕ್ಕಳು, ಟಿವಿ. ರೆಕಾರ್ಡಿಂಗಿಗೆ ಉಳಿಯುವುದು ಮಧ್ಯಾಹ್ನ ಎರಡರಿಂದ ನಾಲ್ಕು, ಅಥವಾ ರಾತ್ರಿ ಹತ್ತರ ಮೇಲೆ. ಕರಾವಳಿ, ಮಲೆನಾಡಿನಲ್ಲಿ ಹೆಂಚು ಇಲ್ಲವೇ ತಗಡಿನ ಶೀಟಿನ ಮಾಡಿದ್ದರೆ ಜೂನ್–ಆಗಸ್ಟಿನ ಮಾತುಗಾರಿಕೆಯನ್ನು ಮೇ ತಿಂಗಳಲ್ಲೇ ಮುಗಿಸಿಟ್ಟುಕೊಳ್ಳಿ. ಶೀಟಿನ ಮೇಲೆ ಬೀಳುವ ಮಳೆಯನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು.

ಫ್ಯಾನ್

ಇದಕ್ಕೊಂದು ಬೇರೆ ಮಾತು ಬೇಕು, ಏಕೆಂದರೆ ಇದು ಎರಡು ಕಡೆ ಕೆಡಿಸುತ್ತದೆ. ರೆಕ್ಕೆಯ ಗಾಳಿ ಮೈಕಿಗೆ ಬಡಿದು ‘ಬುಸ್’ ಎನ್ನುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ವೇಗ ಇಳಿಸಿದಾಗ ಮೋಟರ್ ‘ಗುಯ್’ ಎನ್ನುತ್ತದೆ. ಅಷ್ಟೇ ಅಲ್ಲದೆ ದೀಪ ರೆಕ್ಕೆಗಿಂತ ಮೇಲಿದ್ದರೆ ನೆರಳು ಮುಖದ ಮೇಲೆ ಪಟಪಟ ಹಾಯುತ್ತದೆ. ಹತ್ತು ಹದಿನೈದು ನಿಮಿಷದ ತುಂಡುಗಳಾಗಿ ಫ್ಯಾನ್ ಆರಿಸಿ ಮಾತಾಡಿ, ನಡುವೆ ಹಾಕಿಕೊಂಡು ಬೆವರು ಒರೆಸಿಕೊಳ್ಳಿ. ಬೇಸಿಗೆಯಲ್ಲಿ ಅದು ಆಗದ ಮಾತಾದರೆ ಬಿಎಲ್‌ಡಿಸಿ ಫ್ಯಾನನ್ನು (ಕಡಿಮೆ ಕರೆಂಟಿನ, ರಿಮೋಟಿನಲ್ಲಿ ಓಡುವ ಹೊಸ ಬಗೆಯದು) ಎರಡರ ವೇಗದಲ್ಲಿ ಇಟ್ಟರೆ ಮೋಟರಿನ ಗುಯ್‌ಗುಡುವಿಕೆ ಇರದು, ಗಾಳಿಯ ಸದ್ದಷ್ಟೇ ಉಳಿಯುತ್ತದೆ.

ಮೈಕು

ಒಂದೇ ಸೂತ್ರ: ಬಾಯಿಗೆ ಹತ್ತಿರ. ಐದಡಿ ದೂರದ ಫೋನಿನ ಮೈಕಿಗೆ ನಿಮ್ಮ ದನಿಯಷ್ಟೇ ಕೋಣೆಯ ಮಾರ್ದನಿಯೂ ಕೇಳುತ್ತದೆ. ಗಲ್ಲದಿಂದ ಒಂದು ಗೇಣು ಕೆಳಗೆ ಅಂಗಿಗೆ ಸಿಕ್ಕಿಸಿದ ಸಾಧಾರಣ ಕಾಲರ್ ಮೈಕು ಅದಕ್ಕಿಂತ ಎಷ್ಟೋ ಮೇಲು.

ತಂತಿಯ ಕಾಲರ್ ಮೈಕಿನಿಂದ ಶುರು ಮಾಡುವುದೇ ಕ್ಷೇಮ. ಬೋಯಾ ಬಿವೈ-ಎಂ1 ನಮ್ಮಲ್ಲಿ ಬಹಳ ಮಂದಿ ಬಳಸುವಂಥದ್ದು, ತಂತಿ ಆರು ಮೀಟರ್. ಅದರ ಕೊಳವೆಯಾಕಾರದ ಡಬ್ಬಿಯ ಮೇಲೆ ಫೋನ್, ಕ್ಯಾಮೆರಾ ಎಂಬ ಎರಡು ಸ್ಥಾನದ ಸ್ವಿಚ್ ಇದೆ. ಫೋನಿಗೆ ಸೆಲ್ ಬೇಕಿಲ್ಲ. ಕ್ಯಾಮೆರಾ ಸ್ಥಾನಕ್ಕೆ ಎಲ್‌ಆರ್44 ಗುಂಡಿ ಸೆಲ್ ಬೇಕು. ‘ಮೈಕು ಕೆಟ್ಟಿದೆ’ ಎಂಬ ದೂರುಗಳಲ್ಲಿ ದೊಡ್ಡ ಪಾಲು ಈ ಸ್ವಿಚ್ಚಿನದೇ. ಫೋನಿಗೆ 3.5 ಮಿ.ಮೀ. ತೂತು ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್ ಕೊಳ್ಳುವಾಗ ಡಿಎಸಿ (ದನಿಯನ್ನು ಡಿಜಿಟಲ್‌ಗೆ, ಡಿಜಿಟಲ್‌ನಿಂದ ದನಿಗೆ ಬದಲಿಸುವ ಚಿಪ್ಪು) ಇರುವುದನ್ನೇ ಕೇಳಿ. ಬರೀ ತಂತಿ ತಿರುಗಿಸುವ ಅಗ್ಗದ್ದು ಹಲವು ಫೋನುಗಳಲ್ಲಿ ಕೆಲಸ ಮಾಡದು. ಮೈಕು ಹಾಕಿದರೂ ಫೋನಿನ ಸ್ವಂತ ಕ್ಯಾಮೆರಾ ಆ್ಯಪ್ ಒಳಗಿನ ಮೈಕನ್ನೇ ಹಿಡಿಯುವುದುಂಟು. ಪರೀಕ್ಷೆ ಸುಲಭ: ರೆಕಾರ್ಡ್ ಒತ್ತಿ ಕಾಲರ್ ಮೈಕನ್ನು ಉಗುರಿನಿಂದ ಕೆರೆಯಿರಿ, ಆಮೇಲೆ ಕೇಳಿ. ‘ಕರಕರ’ ಕೇಳದಿದ್ದರೆ ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಹಾಕಿ, ಅದರ ಸೆಟ್ಟಿಂಗಿನಲ್ಲಿ ಹೊರಗಿನ ಮೈಕನ್ನು ಆರಿಸಿ.

ಸಿಕ್ಕಿಸುವುದರಲ್ಲೂ ಹದವಿದೆ. ಗಂಜಿ ಹಾಕಿದ ಅಂಗಿ, ರೇಷ್ಮೆ ಸೀರೆ, ಜರಿಯಂಚು ಎಲ್ಲವೂ ಸರಪರ ಸದ್ದು ಮಾಡುತ್ತವೆ. ಸೀರೆಯಾದರೆ ಸೆರಗನ್ನು ಪಿನ್ ಹಾಕಿ ಅಲುಗದಂತೆ ಮಾಡಿ, ಮೈಕನ್ನು ಸೆರಗಿಗಲ್ಲದೆ ರವಿಕೆಯ ಕೊರಳಂಚಿಗೆ ಕೂಡಿಸಿ. ತಾಳಿ, ಸರಗಳು ಮೈಕಿಗೆ ತಾಗದಂತೆ ಒಂದು ಬದಿಗೆ. ತಂತಿಯನ್ನು ಮೈಕಿನ ಕೆಳಗೆ ಒಂದು ಸಣ್ಣ ಕುಣಿಕೆ ಮಾಡಿ ಗಾಯಕ್ಕೆ ಹಚ್ಚುವ ಪೇಪರ್ ಟೇಪಿನಿಂದ ಅಂಟಿಸಿದರೆ ಎಳೆತದ ಸದ್ದು ಮೈಕಿನವರೆಗೆ ಏರುವುದಿಲ್ಲ.

ವೈರ್‌ಲೆಸ್ ಕೊಂಡವರು ಅದರ ನಾಯ್ಸ್ ಕ್ಯಾನ್ಸಲ್ (ಗದ್ದಲ ಅಳಿಸುವ) ಗುಂಡಿಯನ್ನು ಆಫ್ ಮಾಡಿಯೇ ಇಡುವುದು ಮೇಲು. ಕನ್ನಡದ ಪದಗಳು ಬಹುತೇಕ ಸ್ವರದಲ್ಲಿ ಮುಗಿಯುತ್ತವೆ. ಆ ಕೊನೆಯ ‘ಉ’, ‘ಎ’ ಮೆಲ್ಲಗೆ ಇಳಿಯುವ ಹೊತ್ತಿಗೆ ಯಂತ್ರ ಅದನ್ನು ಗದ್ದಲವೆಂದು ಬಗೆದು ಕತ್ತರಿಸುತ್ತದೆ. ‘ಮಾಡು’ ಎಂದದ್ದು ‘ಮಾಡ್’ ಆಗುತ್ತದೆ. ಪದದ ಮೊದಲಿನ ಮೆದು ‘ಹ’ಕ್ಕೂ ಇದೇ ಗತಿ, ‘ಹಾಲು’ ‘ಆಲು’ ಆಗುತ್ತದೆ. ಮೇಜಿನ ಮೈಕಾದರೆ ಬಾಯಿಗೆ ನೇರವಾಗಿ ಬೇಡ, ಓರೆಯಾಗಿ ಒಂದು ಪಕ್ಕಕ್ಕಿಡಿ. ಪ, ಬ, ಭಗಳ ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ, ಸ, ಶಗಳ ಸಿಳ್ಳೂ ತಗ್ಗುತ್ತದೆ. ಮಾರ್ದನಿ ಪೂರ್ತಿ ಅಡಗದ ಕೋಣೆಗೆ ಬಾಯಿಂದ ಮೂರು ನಾಲ್ಕು ಇಂಚಿನಲ್ಲಿ ಹಿಡಿದ ಡೈನಮಿಕ್ ಮೈಕು (ವೇದಿಕೆಯಲ್ಲಿ ಕೈಯಲ್ಲಿ ಹಿಡಿಯುವ ಬಗೆಯದು) ಹೊಂದುತ್ತದೆ, ಆದರೆ ಅದು ಚಿತ್ರದೊಳಗೆ ಕಾಣಿಸುತ್ತದೆ.

ದನಿಯ ಮಟ್ಟ ಹೊಂದಿಸುವಾಗ ಆ್ಯಪ್‌ನ ಮೀಟರಿನಲ್ಲಿ ನಿಮ್ಮ ಅತಿ ಜೋರು ಮಾತು ಮೈನಸ್ 6 ಡೆಸಿಬೆಲ್ ದಾಟಬಾರದು, ಸಾಧಾರಣ ಮಾತು ಮೈನಸ್ 12ರ ಆಸುಪಾಸು ಇರಲಿ. ಸೊನ್ನೆ ಮುಟ್ಟಿ ಒಡೆದ ದನಿ ಮತ್ತೆ ಕೂಡದು. ದನಿಯ ಮಟ್ಟವನ್ನು ತಾನೇ ಏರಿಳಿಸುವ ಆಟೊ ಗೇನ್ ಇದ್ದರೆ ಆಫ್ ಮಾಡಿ. ನೀವು ಉಸಿರೆಳೆಯುವ ಸಂದಿನಲ್ಲಿ ಅದು ಗದ್ದಲವನ್ನು ಮೇಲೆತ್ತುತ್ತದೆ. ಮಾತು ಮುಗಿದ ಮೇಲೆ ಮೂವತ್ತು ಸೆಕೆಂಡು ಸುಮ್ಮನೆ ಕುಳಿತು ಖಾಲಿ ಕೋಣೆಯ ಸದ್ದನ್ನೂ ಹಿಡಿದಿಡಿ. ಗದ್ದಲ ತೆಗೆಯುವ ಸಾಫ್ಟ್‌ವೇರ್‌ಗೆ ಮಾದರಿಯೂ ಅದೇ, ಕತ್ತರಿಸಿದ ಜಾಗಕ್ಕೆ ತೇಪೆಯೂ ಅದೇ.

ಕೂರುವ ಜಾಗ, ಬೆಳಕು

12 ಅಡಿಯನ್ನು ಹೀಗೆ ಹಂಚಿಕೊಳ್ಳಿ: ಹಿಂದಿನ ಗೋಡೆಯಿಂದ 4 ಅಡಿ ಬಿಟ್ಟು ಕುರ್ಚಿ, ಅಲ್ಲಿಂದ 5 ಅಡಿಗೆ ಕ್ಯಾಮೆರಾ, ಉಳಿದ 3 ಅಡಿ ಟ್ರೈಪಾಡಿನ ಕಾಲು ಮತ್ತು ಓಡಾಟಕ್ಕೆ. ಗೋಡೆಗೆ ಒರಗಿ ಕುಳಿತರೆ ನೆರಳು ಹಿಂದೆ ಭೂತದಂತೆ ನಿಲ್ಲುತ್ತದೆ. ನಾಲ್ಕಡಿ ಬಿಟ್ಟರೆ ಅದು ಕೆಳಕ್ಕೆ ಜಾರಿ ಚೌಕಟ್ಟಿನಿಂದ ಹೊರಗಾಗುತ್ತದೆ.

ಮುಖ್ಯ ದೀಪ ದೊಡ್ಡದಿರಬೇಕು, ವ್ಯಾಟಿನಲ್ಲಲ್ಲ, ಗಾತ್ರದಲ್ಲಿ. ಬರೀ ಬಲ್ಬು ಮೂಗಿನ ನೆರಳನ್ನು ಕತ್ತಿಯಂತೆ ಕೊರೆಯುತ್ತದೆ. ಅದೇ ಬಲ್ಬಿನ ಮುಂದೆ ಮೂರಡಿಗೆ ನಾಲ್ಕಡಿ ಬಿಳಿ ಬಟ್ಟೆ ಹಿಡಿದರೆ ನೆರಳಿನಂಚು ಕರಗುತ್ತದೆ. ಮುಕ್ಕಾಲು ಇಂಚಿನ ಪಿವಿಸಿ ಪೈಪು, ನಾಲ್ಕು ಎಲ್ಬೊ, ಹಳೆಯ ಬಿಳಿ ಪಂಚೆ. ಇಷ್ಟರಲ್ಲಿ ಚೌಕಟ್ಟು ಸಿದ್ಧ. ಪಂಚೆಗೆ ನೀಲಿ ಹಾಕಿ ಒಗೆದಿರಬಾರದು, ಅಂಚಿನ ಬಣ್ಣದ ಪಟ್ಟಿ ಹೊರಗೆ ಮಡಚಿರಬೇಕು. ಅದರ ಹಿಂದೆ ಒಂದೂವರೆ ಅಡಿಗೆ 20 ವ್ಯಾಟಿನ ಎರಡು ಎಲ್‌ಇಡಿ ಪಟ್ಟಿ ದೀಪ, ಇಲ್ಲವೇ 60 ವ್ಯಾಟಿನ ಒಂದು ಸಿಒಬಿ ದೀಪ (ಹಲವು ಎಲ್‌ಇಡಿ ಚಿಪ್ಪುಗಳನ್ನು ಒಂದೇ ಬಿಲ್ಲೆಯಲ್ಲಿ ಕೂಡಿಸಿದ್ದು). ಎಲ್‌ಇಡಿ ಮಾತ್ರ, ಹ್ಯಾಲೊಜನ್ನಿನ ಎದುರು ಬಟ್ಟೆ ಹಿಡಿದರೆ ಬೆಂಕಿ ಬೀಳಬಹುದು. ಚೌಕಟ್ಟನ್ನು ಮುಖದಿಂದ ಮೂರಡಿಗೆ, ಕ್ಯಾಮೆರಾದಿಂದ 45 ಡಿಗ್ರಿ ಪಕ್ಕಕ್ಕೆ, ಕಣ್ಣಿಗಿಂತ ಒಂದಡಿ ಮೇಲಕ್ಕೆ ಇಡಿ. ಮೂರಡಿಯಿಂದ ಆರಡಿಗೆ ಸರಿಸಿದರೆ ಬೆಳಕು ಅರ್ಧವಲ್ಲ, ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಬೆಳಕು ಸಾಲದೆಂದು ಇನ್ನೊಂದು ದೀಪ ಕೊಳ್ಳುವ ಮುಂಚೆ ಇರುವುದನ್ನೇ ಹತ್ತಿರ ತನ್ನಿ. ಇನ್ನೊಂದು ಪಕ್ಕಕ್ಕೆ ದೀಪ ಬೇಡ, ಎರಡಡಿ ದೂರದಲ್ಲಿ ಒಂದು ಥರ್ಮಾಕೋಲ್ ಹಾಳೆ ನಿಲ್ಲಿಸಿದರೆ ಸಾಕು. ಕಪ್ಪು ಕೂದಲು ಹಿನ್ನೆಲೆಯಲ್ಲಿ ಕರಗಿಹೋದರೆ ಹಿಂದಿನಿಂದ ಭುಜದ ಮೇಲೆ ಬೀಳುವಂತೆ ಒಂದು ಪುಟ್ಟ ದೀಪ.

ಕನ್ನಡಕದಲ್ಲಿ ಬಿಳಿ ಚೌಕ ಮಿಂಚಿದರೆ ದೀಪವನ್ನು ಇನ್ನಷ್ಟು ಎತ್ತರಿಸಿ, ಗಲ್ಲವನ್ನು ಎಳ್ಳಷ್ಟು ಇಳಿಸಿ. ರಿಂಗ್ ಲೈಟ್ ಮುಖವನ್ನು ತಟ್ಟೆಯಂತೆ ಚಪ್ಪಟೆ ಮಾಡುತ್ತದೆ, ಕನ್ನಡಕದವರಿಗಂತೂ ಎರಡು ಬಳೆ ತೊಡಿಸುತ್ತದೆ. ಅದು ಮೇಜಿನ ಮೇಲಿನ ಕೆಲಸ ತೋರಿಸಲು ಸರಿ.

ಬಣ್ಣದ ವಿಷಯ: ನಮ್ಮ ಮನೆಗಳ ‘ಕೂಲ್ ಡೇಲೈಟ್’ ಬಲ್ಬು 6500 ಕೆಲ್ವಿನ್, ಹಳದಿ ಬಲ್ಬು 2700–3000. ಎರಡೂ ಒಟ್ಟಿಗೆ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಅರಿಶಿನ. ಒಂದನ್ನೇ ಆರಿಸಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಅದಕ್ಕೇ ಬಿಗಿ ಮಾಡಿ. ಡಬ್ಬದ ಮೇಲೆ ಸಿಆರ್‌ಐ (ಬಣ್ಣವನ್ನು ನಿಜವಾಗಿ ತೋರಿಸುವ ಗುಣದ ಅಂಕ, ನೂರಕ್ಕೆ) 90 ದಾಟಿರಲಿ, 80ರ ಬಲ್ಬಿನಲ್ಲಿ ನಮ್ಮ ಗೋಧಿ, ಕಪ್ಪು ಮೈಬಣ್ಣ ಬೂದಿ ಬಳಿದಂತೆ ಕಾಣಬಹುದು.

ಪಟ್ಟೆ ಹರಿಯುವ ಕಾಟ

ಹೊಸಬರನ್ನು ಅತಿಯಾಗಿ ಕಾಡುವ ತೊಂದರೆ ಇದು: ಕಣ್ಣಿಗೆ ಕಾಣದ ಕಪ್ಪು ಪಟ್ಟೆಗಳು ವಿಡಿಯೊದಲ್ಲಿ ಮೇಲಿಂದ ಕೆಳಕ್ಕೆ ಹರಿಯುತ್ತವೆ. ಭಾರತದ ವಿದ್ಯುತ್ತು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಫೋನಿನ ಶಟರ್, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಹಿಡಿಯುವ ಹೊತ್ತು, 1/60 ಸೆಕೆಂಡಿನಲ್ಲಿ ನಿಂತರೆ ಲೆಕ್ಕ ಕೂಡದೆ ಪಟ್ಟೆ ಏಳುತ್ತದೆ. ಶಟರ್ 1/50 ಅಥವಾ 1/100ಕ್ಕೆ ಬಿಗಿ ಮಾಡಿದರೆ ಮಾಯ. ಫ್ರೇಮ್ ದರ (ಸೆಕೆಂಡಿಗೆ ಹಿಡಿಯುವ ಚಿತ್ರಗಳ ಲೆಕ್ಕ) 25 ಇಟ್ಟರೆ ಇನ್ನೂ ಒಳ್ಳೆಯದು, 30 ಆದರೂ ನಡೆಯುತ್ತದೆ. ಫೋನಿನ ಸ್ವಂತ ಆ್ಯಪ್‌ನಲ್ಲಿ ಈ ಅನುಕೂಲ ಇಲ್ಲದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ನಿಮ್ಮೂರ ಎಲೆಕ್ಟ್ರಿಕ್ ಅಂಗಡಿಯಲ್ಲೋ ದೀಪ ಕೊಳ್ಳುವಾಗ ಉರಿಸಲು ಹೇಳಿ, ಫೋನಿನ ಸ್ಲೋ ಮೋಷನ್‌ನಲ್ಲಿ ಹತ್ತು ಸೆಕೆಂಡು ಹಿಡಿದು ನೋಡಿ. ಬೆಳಕು ಮಿಣಮಿಣ ಎಂದರೆ ಬೇರೆ ದೀಪ ಕೇಳಿ. ಡಿಮ್ಮರ್ ಇರುವ ದೀಪವನ್ನು ಪೂರ್ತಿಯಲ್ಲೂ ಅರ್ಧದಲ್ಲೂ ನೋಡಬೇಕು. ಹಲವು ದೀಪಗಳು ಮಂದ ಮಾಡಿದಾಗಷ್ಟೇ ಮಿಣುಕುತ್ತವೆ.

ಕ್ಯಾಮೆರಾ

ನಿಮ್ಮ ಫೋನಿನ ಹಿಂಬದಿ ಕ್ಯಾಮೆರಾ ಸಾಕು. ಲೆನ್ಸನ್ನು ಮೆತ್ತಗಿನ ಹತ್ತಿ ಬಟ್ಟೆಯಿಂದ ಒರೆಸಿ. ಬೆರಳಿನ ಜಿಡ್ಡೇ ಮಸುಕಿಗೆ ಕಾರಣವಾಗಿರುವುದು ಎಷ್ಟೋ ಸಲ. ಲೆನ್ಸ್ ಕಣ್ಣಿನ ಮಟ್ಟಕ್ಕಿರಲಿ. 2ಎಕ್ಸ್ ಲೆನ್ಸ್ ಇದ್ದರೆ ಐದಡಿಯಿಂದ ಅದನ್ನೇ ಬಳಸಿ, ಅಗಲ ಲೆನ್ಸ್ ಹಿಡಿದು ಎರಡಡಿಗೆ ಬಂದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿಯುತ್ತದೆ. 1080ಪಿ, ಎಚ್‌ಡಿಆರ್ ಬೇಡ, ಟ್ರೈಪಾಡಿನ ಮೇಲಿರುವಾಗ ಸ್ಟೆಬಿಲೈಸೇಶನ್ ಬೇಡ. ಮುಖದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಶರ್ ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಕೈ ಆಡಿಸಿದಾಗಲೆಲ್ಲ ಚಿತ್ರ ಉಸಿರಾಡುತ್ತದೆ. ಏರೋಪ್ಲೇನ್ ಮೋಡ್ ಮರೆತರೆ ಒಂದು ಕರೆ ಬಂದು ರೆಕಾರ್ಡಿಂಗ್ ನಿಲ್ಲಿಸಬಹುದು. ಏಪ್ರಿಲ್–ಮೇನಲ್ಲಿ ಫೋನ್ ಕಾದು ತಾನೇ ನಿಲ್ಲುವುದುಂಟು: ಹಿಂದಿನ ಕವಚ ತೆಗೆಯಿರಿ, ಚಾರ್ಜಿಗೆ ಹಾಕಿಕೊಂಡು ಶೂಟ್ ಮಾಡಬೇಡಿ. ಒಂದು ನಿಮಿಷಕ್ಕೆ 100–150 ಎಂಬಿ ಹಿಡಿದರೆ ಒಂದು ಗಂಟೆಗೆ ಆರರಿಂದ ಒಂಬತ್ತು ಜಿಬಿ ಖಾಲಿ ಜಾಗ ಬೇಕು.

ಅಡುಗೆ, ಕಸೂತಿ ತೋರಿಸುವವರಿಗೆ ಮೇಲಿನಿಂದ ನೋಡುವ ಅಡ್ಡ ತೋಳು ಬೇಕು. ತೋಳಿನ ಹಿಂತುದಿಗೆ ಎರಡು ಕೆ.ಜಿ. ಮರಳಿನ ಚೀಲ ಕಟ್ಟದಿದ್ದರೆ ಫೋನ್ ಒಗ್ಗರಣೆಗೆ ಬೀಳುತ್ತದೆ. ಒಲೆಯ ನೇರ ಮೇಲೆ ಬೇಡ, ಅರ್ಧ ಅಡಿ ಪಕ್ಕಕ್ಕಿಡಿ. ಆವಿ, ಎಣ್ಣೆ ಜಿಡ್ಡು ಎರಡೂ ತಪ್ಪುತ್ತವೆ. ಇಂಡಕ್ಷನ್ ಒಲೆಯ ಫ್ಯಾನ್ ಮೈಕಿಗೆ ಕೇಳುವುದರಿಂದ ಅದರ ಜತೆ ಮಾತಾಡುವ ಬದಲು ಮಾತನ್ನು ಆಮೇಲೆ ಸೇರಿಸುವುದು ಜಾಣತನ.

ಕರೆಂಟು

ಲ್ಯಾಪ್‌ಟಾಪಿನಲ್ಲಿ ಅಥವಾ ಡೆಸ್ಕ್‌ಟಾಪಿನಲ್ಲಿ ಒಬಿಎಸ್ ಎಂಬ ಉಚಿತ ಸಾಫ್ಟ್‌ವೇರ್ ಮೂಲಕ ರೆಕಾರ್ಡ್ ಮಾಡುವವರು ಫೈಲಿನ ಬಗೆಯನ್ನು ಎಂಕೆವಿ ಎಂದು ಇಡಿ. ಸಾಮಾನ್ಯ ಎಂಪಿ4 ತನ್ನ ಒಳಗಿನ ವಿವರಪಟ್ಟಿಯನ್ನು ಬರೆಯುವುದು ರೆಕಾರ್ಡಿಂಗ್ ಮುಗಿದಾಗ. ನಡುವೆ ಕರೆಂಟು ಹೋದರೆ ನಲವತ್ತು ನಿಮಿಷದ ಮಾತು ತೆರೆಯದ ಫೈಲಾಗಿ ಉಳಿಯುತ್ತದೆ. ಎಂಕೆವಿಯಲ್ಲಿ ಹೋದ ಕ್ಷಣದವರೆಗಿನದು ಸಿಗುತ್ತದೆ, ಬಳಿಕ ಒಬಿಎಸ್‌ನಲ್ಲೇ ರೀಮಕ್ಸ್ ಮಾಡಿ ಎಂಪಿ4 ಮಾಡಿಕೊಳ್ಳಬಹುದು. ಮನೆಯ ಇನ್ವರ್ಟರ್‌ಗೆ ಡೆಸ್ಕ್‌ಟಾಪ್ ಸೇರಿಸಿದ್ದರೆ ಅದರ ಯುಪಿಎಸ್ ಮೋಡ್ ಹಾಕಿದೆಯೇ ನೋಡಿ. ಇಲ್ಲದಿದ್ದರೆ ಬದಲಾಗುವ ಆ ಕಿರುಗಳಿಗೆಯಲ್ಲಿ ಕಂಪ್ಯೂಟರ್ ಮರುಚಾಲೂ ಆಗುತ್ತದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಫ್ಯಾನನ್ನೂ ಟ್ಯೂಬ್‌ಲೈಟನ್ನೂ ಗುಂಯ್‌ಗುಡಿಸುತ್ತದೆ. ಅದು ಓಡುವಾಗ ದನಿ ಹಿಡಿಯುವುದನ್ನು ಬಿಟ್ಟುಬಿಡಿ. ಮೈಕಿನಲ್ಲಿ ಸದಾ ಒಂದು ‘ಹೂಂ’ ಇದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ಬ್ಯಾಟರಿಯಲ್ಲಿ ಓಡಿಸಿ ನೋಡಿ. ನಿಂತರೆ ತಪ್ಪು ಮೈಕಿನದಲ್ಲ, ಚಾರ್ಜರಿನದೋ ಪ್ಲಗ್ಗಿನ ಅರ್ಥಿಂಗಿನದೋ.

ಎಡಿಟಿಂಗಿನಲ್ಲಿ ಎಡವುವ ಜಾಗಗಳು

ಫೋನುಗಳು ಫ್ರೇಮ್ ದರವನ್ನು ಅಷ್ಟಿಷ್ಟು ಏರಿಳಿಸುತ್ತವೆ. ಹತ್ತು ನಿಮಿಷ ಕಳೆದ ಮೇಲೆ ತುಟಿ ಒಂದು, ಮಾತು ಒಂದು ಆಗುವುದು ಇದರಿಂದಲೇ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಪರಿವರ್ತಿಸಿದ ಮೇಲೆ ಎಡಿಟಿಂಗಿಗೆ ತನ್ನಿ. ದನಿ ಬೇರೆ ಯಂತ್ರದಲ್ಲಿ ಹಿಡಿದಿದ್ದರೆ ಎರಡೂ ಕಡೆ 48 ಕಿಲೋಹರ್ಟ್ಸ್ ಇರಲಿ, ಆರಂಭದಲ್ಲಿ ಒಂದು ಚಪ್ಪಾಳೆ ಹೊಡೆಯಿರಿ. ದನಿಗೆ 80 ಹರ್ಟ್ಸ್‌ನಿಂದ ಕೆಳಗಿನದನ್ನು ಕತ್ತರಿಸುವ ಹೈಪಾಸ್ ಫಿಲ್ಟರ್. ಕೊನೆಯ ಗಟ್ಟಿತನ ಮೈನಸ್ 14 ಎಲ್‌ಯುಎಫ್‌ಎಸ್ (ಇಡೀ ವಿಡಿಯೊದ ಸರಾಸರಿ ಗಟ್ಟಿತನದ ಅಳತೆ) ಹತ್ತಿರ. ಯುಟ್ಯೂಬ್ ಅದಕ್ಕಿಂತ ಗಟ್ಟಿಯಾದದ್ದನ್ನು ತಾನೇ ಇಳಿಸುತ್ತದೆ, ಮೆದುವಾದದ್ದನ್ನು ಏರಿಸುವ ಭರವಸೆ ಇಟ್ಟುಕೊಳ್ಳಬೇಡಿ. 1080ಪಿಗೆ ಸೆಕೆಂಡಿಗೆ 8ರಿಂದ 12 ಮೆಗಾಬಿಟ್ ಧಾರಾಳ.

ಕನ್ನಡ ಅಕ್ಷರಗಳದ್ದೇ ಬೇರೆ ಗೋಳು. ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಬರೆದದ್ದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಲಿಪಿಯೇ ಕೆಡುತ್ತದೆ. ಯೂನಿಕೋಡಿನ ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ 2, ಹುಬ್ಬಳ್ಳಿ, ಬೆಣ್ಣೆ ಮೊದಲಾದವು ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಒತ್ತಕ್ಷರ ಬಿಡಿಬಿಡಿಯಾಗಿ ಕಾಣಿಸಿದರೆ ತಪ್ಪು ಫಾಂಟಿನದಲ್ಲ, ಸಾಫ್ಟ್‌ವೇರಿನದು. ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ಪ್ರಿಫರೆನ್ಸಿನೊಳಗೆ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇದೆ. ಅಂಥದ್ದಿಲ್ಲದ ಸಾಫ್ಟ್‌ವೇರ್ ಆದರೆ ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ಸಾಫ್ಟ್‌ವೇರಿನಲ್ಲಿ ಬರೆದು ಹಿನ್ನೆಲೆಯಿಲ್ಲದ ಪಿಎನ್‌ಜಿ ಮಾಡಿ ಅಂಟಿಸಿ. ಎರಡು ಸಾಲಿದ್ದರೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬಿಡಿ, ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯಬಾರದು. 1280ಕ್ಕೆ 720ರ ಥಂಬ್‌ನೇಲಿನಲ್ಲಿ ಬಲಗೆಳಗಿನ ಮೂಲೆ ಖಾಲಿ ಇರಲಿ, ಅಲ್ಲಿ ವಿಡಿಯೊದ ಅವಧಿ ಕೂರುತ್ತದೆ. ಸ್ವಂತ ಥಂಬ್‌ನೇಲ್ ಹಾಕಲಿಕ್ಕೂ 15 ನಿಮಿಷ ದಾಟಿದ ವಿಡಿಯೊ ಏರಿಸಲಿಕ್ಕೂ ಚಾನೆಲ್ಲಿನ ಫೋನ್ ದೃಢೀಕರಣ ಮೊದಲೇ ಆಗಿರಬೇಕು.

ಎಲ್ಲ ಹೊಂದಿಕೊಂಡ ದಿನ ಕುರ್ಚಿಯ ಕಾಲು, ಟ್ರೈಪಾಡಿನ ಕಾಲು, ದೀಪದ ಚೌಕಟ್ಟು ನಿಂತ ಜಾಗಗಳಿಗೆ ನೆಲದಲ್ಲಿ ಬಣ್ಣಬಣ್ಣದ ಇನ್ಸುಲೇಶನ್ ಟೇಪಿನ ಗುರುತು ಹಾಕಿ. ದೀಪದ ಡಿಮ್ಮರ್, ಮೈಕಿನ ಗೇನ್ ಎಷ್ಟಿತ್ತೆಂದು ಒಂದು ಫೋಟೊ ತೆಗೆದಿಡಿ. ಮುಂದಿನ ವಾರ ಐದು ನಿಮಿಷದಲ್ಲಿ ಎಲ್ಲ ಮೊದಲಿನ ಜಾಗಕ್ಕೆ ಬರುತ್ತದೆ, ಎರಡು ದಿನ ಹಿಡಿದ ತುಂಡುಗಳೂ ಒಂದಕ್ಕೊಂದು ಹೊಂದುತ್ತವೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕ್ಯಾಮೆರಾ ಲೆನ್ಸನ್ನು ಚರ್ಮದ ಚೀಲದಲ್ಲಿ ಬಿಡಬೇಡಿ, ಬೂಸ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಹಾಕಿಟ್ಟು, ಹರಳು ಬಣ್ಣ ಬಿಟ್ಟಾಗ ಕಡಿಮೆ ಉರಿಯ ಬಾಣಲೆಯಲ್ಲಿ ಒಣಗಿಸಿ ಮತ್ತೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬಾರದು. ಸಿಲಿಕಾದ ಬದಲು ಅಕ್ಕಿ ಹಾಕಬೇಡಿ, ಅದರ ಹಿಟ್ಟು ಫೋಕಸ್ ಉಂಗುರದೊಳಗೆ ಸೇರಿಕೊಳ್ಳುತ್ತದೆ.